ದೊಮಿಂಗಾ ನದಿ ದಾಟಿದ ವಾರ

ನನ್ನ ಮಗಳು ತನಿಷಾ ಆ್ಯನ್ ಆರ್ಬರ್‌ನಿಂದ ಫೋನ್ ಮಾಡಿ, "ಮಾಮ್, ಶೀ ಈಸ್ ನಾಟ್ ಇನ್ ದ ಬುಕ್" ಎಂದಾಗ ನಾನು ಅಲ್ಲಿಗೆ ಅರ್ಧ ಗಂಟೆ ದಾರಿಯ ಕ್ಯಾಂಟನ್ನಿನ ನಮ್ಮ ಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದೆ. ಯಾರಿಲ್ಲ ಎಂದು ಕೇಳಿದೆ.

"ಯುವರ್ ದೊಮಿಂಗಾ. ಓನ್ಲಿ ತ್ರೀ ಸೀನ್ಸ್. ಶೀ ಗಿವ್ಸ್ ಹಿಮ್ ಎ ಡ್ರಿಂಕ್, ಶೀ ಕ್ರೈಸ್, ಶೀ ಸ್ಟ್ಯಾಂಡ್ಸ್ ಅಟ್ ದ ಡೋರ್. ದಟ್ಸ್ ಇಟ್."

"ಸರಿಯಾಗಿ ನೋಡೇ. ಅವಳು ಕುದುರೆ ಹತ್ತಿ ಹೊರಡೋದು ಹದಿನೈದನೇ ವಾರ."

"ಮಾಮ್, ಬುಕ್ಸ್ ಡೋಂಟ್ ಹ್ಯಾವ್ ವಾರ."

ನನಗೆ ಸಿಟ್ಟು ಬಂತು. ಮೂವತ್ತೆಂಟು ವರ್ಷ ಜೊತೆಗಿಟ್ಟುಕೊಂಡು ಬದುಕಿದವಳನ್ನು ಯಾರಾದರೂ ಇಲ್ಲವೇ ಇಲ್ಲ ಎಂದರೆ ಸಿಟ್ಟು ಬರದೆ ಇರುತ್ತದೆಯೇ? ಹುರುಳಿಕಾಯಿ ಪಕ್ಕಕ್ಕಿಟ್ಟು, ಇನ್ನೊಂದು ಸಲ ಹುಡುಕು ಎಂದು ದಬಾಯಿಸಿ ಫೋನ್ ಇಟ್ಟೆ.

ತನಿಷಾ ಯೂನಿವರ್ಸಿಟಿಯಲ್ಲಿ ಒಂದು ಪೇಪರ್ ಬರೆಯುತ್ತಿದ್ದಳು. ಅರ್ಜೆಂಟೀನಾದ ಪಾಂಪಾಸ್ ಎಂಬ ಕೊನೆಯಿಲ್ಲದ ಹುಲ್ಲುಬಯಲಿನಲ್ಲಿ ಕುದುರೆಯ ಮೇಲೆ ದನ ಕಾಯುತ್ತ ಬದುಕಿದವರಿಗೆ ಗೌಚೊ ಎಂದು ಹೆಸರು. ಅವರ ಬಗ್ಗೆ ಕತೆ ಕಾದಂಬರಿ ರಾಶಿ ಇವೆಯಂತೆ. ಆ ಕತೆಗಳಲ್ಲಿ ಹೆಂಗಸರು ಎಲ್ಲಿಗೆ ಹೋಗುತ್ತಾರೆ, ಹೋಗಿ ಏನಾಗುತ್ತಾರೆ ಎಂಬುದು ಅವಳ ವಿಷಯ. ನಾನು ಹದಿನೆಂಟರಲ್ಲಿ ಅಂಥದ್ದೊಂದು ಕನ್ನಡದಲ್ಲೇ ಓದಿದ್ದೆ ಎಂದರೆ ಅವಳು ನಂಬಿರಲಿಲ್ಲ. ಕತೆಯ ಗಂಡಸಿನ ಹೆಸರು ಎವರಿಸ್ತೊ ಎಂದು ಹೇಳಿದ ಮೇಲೆ ಹೇಗೋ ಹುಡುಕಿ ಇಂಗ್ಲಿಷ್ ಪುಸ್ತಕ ತರಿಸಿದ್ದಳು. ಇಂಥ ಕತೆಗಳಲ್ಲಿ ಸವಾರಿ ಎಲ್ಲ ಗಂಡಸರದು, ಹೆಂಗಸರೆಂದರೆ ಫ್ರೀವೇಯ ರೆಸ್ಟ್ ಏರಿಯಾ ಇದ್ದಂತೆ, ನಿಂತು ನೀರು ಕುಡಿದು ಹೋಗುವುದಕ್ಕೆ ಎಂದು ಒಂದು ದಿನ ಅವಳೇ ಹೇಳಿದ್ದಳು. ನಾನು ನಕ್ಕು, ನನ್ನ ದೊಮಿಂಗಾಳನ್ನು ನೋಡು, ಆಮೇಲೆ ಮಾತಾಡು ಎಂದಿದ್ದೆ.

ಈಗ ಸ್ವಲ್ಪ ಹಿಂದಿನಿಂದ ಹೇಳಬೇಕು. 1987. ಮಂಡ್ಯದಲ್ಲಿ ನಾವಿದ್ದದ್ದು ಐದು ಮನೆಗಳ ವಠಾರ. ಐದು ಮನೆಗೂ ಸೇರಿ ಒಂದೇ ವಾರಪತ್ರಿಕೆ. ಬುಧವಾರ ಮೊದಲ ಮನೆಯ ಸರೋಜಮ್ಮನವರ ಕೈಗೆ ಬಂದರೆ, ದಿನಕ್ಕೊಂದು ಮನೆ ದಾಟಿ ಭಾನುವಾರ ಕೊನೆಯ ಮನೆಗೆ, ಅಂದರೆ ನಮಗೆ. ಅಷ್ಟು ಹೊತ್ತಿಗೆ ಅದರ ಮೇಲೆ ಹುಳಿಯ ಕಲೆ, ಮಕ್ಕಳ ಪೆನ್ಸಿಲ್ಲಿನ ಗೀಚು, ಪದಬಂಧವಂತೂ ತಪ್ಪುತಪ್ಪಾಗಿ ತುಂಬಿರುತ್ತಿತ್ತು. ಆದರೆ ಕೊನೆಯ ಮನೆಗೆ ಒಂದು ಹಕ್ಕು ಇತ್ತು, ಪತ್ರಿಕೆಯನ್ನು ವಾಪಸ್ ಕೊಡಬೇಕಿರಲಿಲ್ಲ. ಧಾರಾವಾಹಿಯ ಪುಟಗಳನ್ನು ಬಿಡಿಸಿ, ಒಂದರ ಮೇಲೊಂದು ಜೋಡಿಸಿ, ಮುಗಿದ ಮೇಲೆ ದಬ್ಬಣದಲ್ಲಿ ಹೊಲಿದು ರಟ್ಟು ಹಾಕಿ ಕಾದಂಬರಿ ಮಾಡುವುದು ನನ್ನ ಕೆಲಸ. ಆಗ ಎಲ್ಲರ ಮನೆಯಲ್ಲೂ ಅಂಥ ಕೈಹೊಲಿಗೆಯ ಪುಸ್ತಕ ನಾಲ್ಕಾರು ಇರುತ್ತಿದ್ದವು.

ಆ ವರ್ಷದ ಧಾರಾವಾಹಿ 'ಹುಲ್ಲುಬಯಲ ಸವಾರ'. ಕೆಳಗೆ ಸಣ್ಣಕ್ಷರದಲ್ಲಿ, ಕನ್ನಡಕ್ಕೆ: ಸಿ.ಕೆ. ಮೊದಲ ಹದಿನಾಲ್ಕು ವಾರ ಎವರಿಸ್ತೊನ ಕುದುರೆ, ಚಾಕು, ಜಗಳ. ಒಂದು ಜಗಳದಲ್ಲಿ ಯಾರನ್ನೋ ಇರಿದು ಅವನು ತಲೆತಪ್ಪಿಸಿಕೊಂಡ. ಹೆಂಡತಿ ದೊಮಿಂಗಾ ಬಾಗಿಲಲ್ಲಿ ನಿಂತಳು. ಹದಿನೈದನೇ ವಾರ ಅವಳು ಕಂಬಳಿ ಹೊದ್ದು, ಬೂದು ಕುದುರೆ ಹತ್ತಿ, ಗಂಡನನ್ನು ಹುಡುಕುತ್ತ ಹೊರಟಳು. ಅಲ್ಲಿಂದ ಮುಂದೆ ನಾನು ಭಾನುವಾರಕ್ಕಾಗಿ ಕಾಯುವುದು ಶುರುವಾಯಿತು. ಒಂಟಿ ಮರದ ಕೆಳಗೆ ಮಲಗಿದಳು. ಕುರಿಯ ಉಣ್ಣೆ ಕತ್ತರಿಸುವವರ ಜೊತೆ ಕೂಲಿ ಮಾಡಿದಳು. ಹಗ್ಗಕ್ಕೆ ಕಲ್ಲುಗುಂಡು ಕಟ್ಟಿ ಬೀಸಿ ಓಡುವ ಕುದುರೆಯ ಕಾಲಿಗೆ ಸುತ್ತಿಸುವುದನ್ನು ಒಬ್ಬ ಮುದುಕಿಯಿಂದ ಕಲಿತಳು. ಹೋದಲ್ಲೆಲ್ಲ ಎವರಿಸ್ತೊನನ್ನು ಕಂಡಿರಾ ಎಂದು ಕೇಳುತ್ತಿದ್ದಳು. ಇಪ್ಪತ್ತನೇ ವಾರ ಅವಳು ಯಾರನ್ನೂ ಕೇಳಲಿಲ್ಲ. ಕತೆಯಲ್ಲಿ ಅದರ ಬಗ್ಗೆ ಒಂದು ಮಾತೂ ಇರಲಿಲ್ಲ, ಸುಮ್ಮನೆ ಕೇಳಲಿಲ್ಲ ಅಷ್ಟೆ. ವಠಾರದಲ್ಲಿ ನಾನೊಬ್ಬಳೇ ಅದನ್ನು ಗಮನಿಸಿದವಳು ಎಂದು ನನಗೆ ಒಳಗೊಳಗೇ ಹೆಮ್ಮೆ.

ಅದೇ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಎರಡು ಕಾಗದ ಬಂದಿದ್ದವು. ಒಂದು, ಸುರತ್ಕಲ್‌ನಲ್ಲಿ ನನಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿದ್ದು. ಇನ್ನೊಂದು, ನಂಜನಗೂಡಿನ ಗಂಡಿನ ಕಡೆಯವರು ಒಪ್ಪಿದ್ದು. ಅಪ್ಪ ಮೊದಲನೆಯದನ್ನು ಬೀರುವಿನಲ್ಲಿಟ್ಟು ಎರಡನೆಯದನ್ನು ಎಲ್ಲರಿಗೂ ತೋರಿಸಿಕೊಂಡು ಬಂದರು. ಗಂಡು ಕೆಟ್ಟವನೇನಲ್ಲ, ಹಲ್ಲು ಚೆನ್ನಾಗಿದ್ದವು. ನನಗೆ ಬೇಡವಾಗಿತ್ತು, ಆದರೆ ಬೇಡ ಎಂಬ ಮಾತನ್ನು ನಮ್ಮ ಮನೆಯಲ್ಲಿ ಅಪ್ಪನ ಮುಂದೆ ಯಾರೂ ಅಂದದ್ದನ್ನು ನಾನು ಕೇಳಿರಲಿಲ್ಲ.

ಇಪ್ಪತ್ತಾರನೇ ಕಂತು, ಅಂದರೆ ಕೊನೆಯದು, ದೀಪಾವಳಿ ವಿಶೇಷ ಸಂಚಿಕೆಯಲ್ಲಿ ಬಂತು. ದೊಮಿಂಗಾ ಒಂದು ದೊಡ್ಡ ನದಿಯ ದಡಕ್ಕೆ ಬಂದಿದ್ದಾಳೆ. ಆಚೆ ದಡದ ಜಮೀನ್ದಾರಿಣಿಯೊಬ್ಬಳು ತನ್ನ ಕುದುರೆಗಳನ್ನೆಲ್ಲ ಇವಳ ಸುಪರ್ದಿಗೆ ಕೊಡುತ್ತೇನೆ, ಬಾ ಎಂದು ಹೇಳಿಕಳಿಸಿದ್ದಾಳೆ. ಅಷ್ಟರಲ್ಲಿ ಈಚೆಯಿಂದ ಒಬ್ಬ ಸವಾರ ಬಂದು, ನಿನ್ನ ಗಂಡ ಮನೆಗೆ ವಾಪಸ್ ಬಂದಿದ್ದಾನೆ, ನಿನ್ನನ್ನು ಕೇಳುತ್ತಿದ್ದಾನೆ ಎನ್ನುತ್ತಾನೆ. ದೊಮಿಂಗಾ ಕುದುರೆಯನ್ನು ನೀರಿನ ಅಂಚಿಗೆ ತಂದಳು. ಕುದುರೆಯ ಮುಂಗಾಲು ನೀರಿಗಿಳಿಯಿತು. ಅಲ್ಲಿಂದ ಮುಂದೆ ಪುಟದಲ್ಲಿ ಒಂದು ಅಂಗೈ ಅಗಲದ ಕಿಂಡಿ. ಪುಟದ ಹಿಂಬದಿಯಲ್ಲಿ ಹಬ್ಬದ ಕೋಡುಬಳೆ ಮಾಡುವ ವಿಧಾನ ಇತ್ತಂತೆ, ಸರೋಜಮ್ಮ ಬುಧವಾರವೇ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿಕೊಂಡಿದ್ದರು. ಓಡಿಹೋಗಿ ಕೇಳಿದರೆ, "ಅಯ್ಯೋ, ಹಿಂದುಗಡೆ ಏನಿತ್ತೋ ನಾನು ನೋಡಿಲ್ಲ ಕಣೆ, ಹಿಟ್ಟು ಕಲಸೋವಾಗ ಎಣ್ಣೆ ಆಯ್ತು, ಒಲೆಗೆ ಹಾಕ್ದೆ" ಎಂದರು. ನಡುವಿನ ಮೂರು ಮನೆಯವರ ಕೈಗೆ ಬಂದದ್ದೂ ಕಿಂಡಿಯ ಪುಟವೇ.

ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತಿತ್ತು. ನಾನು ಹುಡುಕಲಿಲ್ಲ. ದಾಟಿದಳು ಎಂದು ಆ ರಾತ್ರಿಯೇ ನನಗೆ ಖಾತ್ರಿಯಾಗಿತ್ತು. ಬೆಳಿಗ್ಗೆ ಎದ್ದು ಅಪ್ಪನ ಮುಂದೆ ನಿಂತು ಬೇಡ ಎಂದೆ. ಬೀರುವಿನಿಂದ ನನ್ನ ಕಾಗದ ತೆಗೆದುಕೊಂಡೆ. ಮೂರನೇ ದಿನ ಅಮ್ಮ ಬಸ್‌ಸ್ಟ್ಯಾಂಡಿಗೆ ಬಂದಳು, ಅಪ್ಪ ಬರಲಿಲ್ಲ. ಆಮೇಲೆ ಅವರು ನಾಲ್ಕು ವರ್ಷ ನನ್ನ ಜೊತೆ ಮಾತಾಡಲಿಲ್ಲ. ರಜೆಗೆ ಹೋದರೆ ಎದ್ದು ಹೊರಗೆ ಹೋಗುತ್ತಿದ್ದರು. ಎಷ್ಟೋ ಸಲ ಹಾಸ್ಟೆಲ್ಲಿನಲ್ಲಿ ದಿಂಬಿಗೆ ಮುಖ ಒತ್ತಿ ಅತ್ತಿದ್ದೇನೆ. ಆಗೆಲ್ಲ ನನಗಿದ್ದ ಧೈರ್ಯ ಒಂದೇ, ದೊಮಿಂಗಾ ದಾಟಿದ್ದಾಳೆ, ಇದು ಆಗುವ ಕೆಲಸವೇ. ಐದನೇ ವರ್ಷ ಒಂದು ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದಾಗ ಅಪ್ಪನೇ ಎತ್ತಿಕೊಂಡು, "ಊಟ ಆಯ್ತಾ?" ಎಂದರು. ಮಧ್ಯಾಹ್ನ ನಾಲ್ಕು ಗಂಟೆ. ಆಯ್ತಪ್ಪ ಎಂದೆ.

ಈಗ ನನಗೆ ಐವತ್ತಾರು. ಇಲ್ಲೇ ಹತ್ತಿರದ ನೋವೈಯಲ್ಲಿ ಕಾರಿನ ಬ್ರೇಕ್ ಪರೀಕ್ಷೆ ಮಾಡುವ ಕಂಪನಿಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಪರೀಕ್ಷೆ ಮಾಡದೆ ಯಾವುದನ್ನೂ ಪಾಸ್ ಮಾಡಬಾರದು ಎಂದು ಹೊಸಬರಿಗೆ ಪಾಠ ಹೇಳುವವಳು ನಾನೇ. ನೋಡದ ಒಂದು ಪುಟದ ಮೇಲೆ ಇಡೀ ಬದುಕು ನಿಲ್ಲಿಸಿಕೊಂಡವಳೂ ನಾನೇ.

ತನಿಷಾ ಎರಡನೇ ಸಲ ಹುಡುಕಿಯೂ ದೊಮಿಂಗಾ ಸಿಗಲಿಲ್ಲ. ಹಾಗಾದರೆ ಅವಳನ್ನು ಕುದುರೆ ಹತ್ತಿಸಿದವರು ಯಾರು? ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಎಂಬತ್ತೇಳರಲ್ಲಿ ಈ ಧಾರಾವಾಹಿ ಬರೆದ ಸಿ.ಕೆ. ಯಾರೆಂದು ಯಾರಿಗಾದರೂ ಗೊತ್ತೇ, ಕೊನೆಯ ಪುಟ ಯಾರ ಹತ್ತಿರವಾದರೂ ಇದೆಯೇ ಎಂದು ಹಾಕಿದೆ. ಎರಡು ದಿನ ಬರೀ ಗುಡ್ ಮಾರ್ನಿಂಗ್ ಹೂವು ಬಂದವು. ಮೂರನೇ ದಿನ ಚಿಕಾಗೋ ಕಡೆಯ ಪ್ಲೇನ್‌ಫೀಲ್ಡ್‌ನಿಂದ ನವ್ಯಶ್ರೀ ಎಂಬವಳು ಫೋನ್ ಮಾಡಿದಳು.

"ಆಂಟಿ, ಯಾರೋ ನಿಮ್ಮ ಮೆಸೇಜ್ ಫಾರ್ವರ್ಡ್ ಮಾಡಿದ್ರು. ಸಿ.ಕೆ. ಅಂದ್ರೆ ನಮ್ಮತ್ತೆ, ಚಿಕ್ಕತಾಯಮ್ಮ ಕೃಷ್ಣಮೂರ್ತಿ. ಆ ದೀಪಾವಳಿ ಸಂಚಿಕೆ ಅವರ ಸೂಟ್‌ಕೇಸಲ್ಲಿದೆ. ನನಗೂ ಮುಟ್ಟೋಕೆ ಬಿಡಲ್ಲ."

"ಕೊನೇ ಪುಟದ ಒಂದು ಫೋಟೋ ತೆಗೆದು ಕಳಿಸ್ತೀಯೇನಮ್ಮ?"

"ಕೇಳ್ದೆ ಆಂಟಿ. ಬೇಕಿದ್ರೆ ಬಂದು ನೋಡ್ಲಿ, ಫೋನಲ್ಲಿ ಕತೆ ಕೊಡಲ್ಲ ಅಂದ್ರು."

ಸಿ.ಕೆ. ಹೆಂಗಸು ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಶನಿವಾರ ಹೊರಟೆ. ಒಂದು ಕತೆಯ ಕೊನೆ ತಿಳಿಯೋಕೆ ಇನ್ನೂರ ಎಪ್ಪತ್ತು ಮೈಲಿ ಡ್ರೈವ್ ಮಾಡ್ತೀಯಾ ಎಂದು ನನ್ನ ಗಂಡ ಗಿರೀಶ ಗೊಣಗಿ, ದಾರಿಗೆ ಚಿತ್ರಾನ್ನ ಕಟ್ಟಿಕೊಟ್ಟ. ಜೊತೆಗೆ ಬರಲೇ ಎಂದ, ಬೇಡ ಎಂದೆ. ನನಗೆ ಹೆದರಿಕೆ ಇತ್ತು. ಆ ಹೆದರಿಕೆಗೆ ಯಾರೂ ಸಾಕ್ಷಿಯಾಗುವುದು ಬೇಕಿರಲಿಲ್ಲ. ಅಕಸ್ಮಾತ್ ಅವಳು ದಾಟಿರದಿದ್ದರೆ?

ಐ-94ರಲ್ಲಿ ಜಾಕ್ಸನ್, ಕಲಮಜೂ ದಾಟಿ ಇಂಡಿಯಾನಾ ಗಡಿಗೆ ಬಂದಾಗ ಕಾರಿನ ಗಡಿಯಾರ ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಯಿತು. ಐ-55 ಬಿಟ್ಟು ಪ್ಲೇನ್‌ಫೀಲ್ಡಿನ ಕಡೆ ತಿರುಗಿದರೆ ಎರಡೂ ಬದಿ ಕೊಯ್ಲಾದ ಜೋಳದ ಹೊಲ, ಕಣ್ಣಿಗೆ ಅಡ್ಡ ಒಂದು ಮರವಿಲ್ಲ. ಹದಿನೆಂಟರಲ್ಲಿ ನಾನು ಮನಸ್ಸಿನಲ್ಲಿ ಕಟ್ಟಿಕೊಂಡ ಬಯಲು ಇಷ್ಟೇ ದೊಡ್ಡದಿತ್ತು. ಮಂಡ್ಯದ ಕಬ್ಬಿನ ಗದ್ದೆಯ ಪಕ್ಕ ಬೆಳೆದ ಹುಡುಗಿಗೆ ಅಂಥ ಬಯಲು ಹೇಗೆ ಹೊಳೆಯಿತೋ, ಬರೆದವರ ಕೈಗುಣವೇ ಇರಬೇಕು. ಆ ವಯಸ್ಸಿನ ನನ್ನನ್ನು ನೆನೆದು ಕಾರಿನಲ್ಲೇ ಕಣ್ಣು ತುಂಬಿತು.

ಚಿಕ್ಕತಾಯಮ್ಮ ಬಿಸಿಲು ಬರುವ ಕೋಣೆಯಲ್ಲಿ, ಕತ್ತಿನ ತನಕ ಶಾಲು ಹೊದ್ದು ಕೂತಿದ್ದರು. ಎಪ್ಪತ್ತೆಂಟು ವರ್ಷ, ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವರು. ಎರಡು ವರ್ಷದಿಂದ ಕಣ್ಣಿನ ನಡುಭಾಗ ಮಸುಕು, ಎದುರಿಗೆ ಕೂತವರ ಮುಖ ಕಾಣುವುದಿಲ್ಲ, ಅಕ್ಷರವಂತೂ ಇಲ್ಲವೇ ಇಲ್ಲ ಎಂದು ನವ್ಯಶ್ರೀ ಬಾಗಿಲಲ್ಲೇ ಪಿಸುಗುಟ್ಟಿದಳು. ಅವಳ ಗಂಡ ಪ್ರಜ್ವಲ್ ಮಕ್ಕಳನ್ನು ಸಾಕರ್‌ಗೆ ಕರೆದುಕೊಂಡು ಹೋಗಿದ್ದ. ನಾನು ಕೂರುವುದಕ್ಕೆ ಮೊದಲೇ ಪರೀಕ್ಷೆ ಶುರುವಾಯಿತು.

"ನೀವು ನಿಜವಾಗ್ಲೂ ಓದಿದೀರಾ? ದೊಮಿಂಗಾ ಕುದುರೆ ಬಣ್ಣ ಯಾವುದು?"

"ಬೂದು."

"ಕಂಬಳಿ?"

"ಕರಿ ಕಂಬಳಿ, ಕೆಂಪಂಚು."

ಮುದುಕಿ ನಕ್ಕರು. "ಅದು ನಮ್ಮ ಕುರುಬರ ಕಂಬಳಿ. ಅಲ್ಲಿಯೋರು ಎಂಥದ್ದು ಹೊದೀತಾರೋ ನಾನೇನು ಕಂಡಿದ್ನಾ? ಕೂತ್ಕೊಳ್ಳಿ."

ಪುಸ್ತಕದಲ್ಲಿ ದೊಮಿಂಗಾ ಮೂರೇ ಸಲ ಬರುತ್ತಾಳಂತೆ, ನನ್ನ ಮಗಳು ನೋಡಿದಳು ಎಂದೆ. ಅವರು ಬೆಚ್ಚಲಿಲ್ಲ. ಯಾರಾದರೂ ಬಂದು ಕೇಳಲಿ ಎಂದು ಕಾದು ಕೂತಿದ್ದವರ ಹಾಗೆ ಶಾಲು ಸರಿಮಾಡಿಕೊಂಡರು.

"ನಮ್ಮ ಸ್ಕೂಲ್ ಲೈಬ್ರರಿಯಿಂದ ರದ್ದಿಗೆ ಹಾಕಿದ್ದ ಪುಸ್ತಕ ಅದು. ವಾರಕ್ಕೆ ಹತ್ತು ಹನ್ನೆರಡು ಪುಟ ಕನ್ನಡಕ್ಕೆ ಮಾಡಿ ಕಳಿಸ್ತಿದ್ದೆ. ಮುಂದಕ್ಕೆ ಓದೋ ಅಭ್ಯಾಸ ಇರಲಿಲ್ಲ, ಓದಿದ್ರೆ ಬರೆಯೋ ಆಸೆ ಹೋಗತ್ತೆ ಅಂತ. ನೂರ ಅರವತ್ತನೇ ಪುಟದ ತನಕ ಸರಿಯಾಗಿತ್ತು. ತಿರುವಿ ಹಾಕಿದ್ರೆ ಮತ್ತೆ ನೂರ ಇಪ್ಪತ್ತೊಂಬತ್ತು! ಬೈಂಡ್ ಮಾಡಿದ ಪುಣ್ಯಾತ್ಮ ಒಂದೇ ಭಾಗನ ಎರಡು ಸಲ ಹೊಲಿದಿದ್ದ. ಕೊನೇ ಭಾಗ ಇಲ್ವೇ ಇಲ್ಲ."

"ಆಮೇಲೆ?"

"ಆಮೇಲೇನು, ಹದಿನಾಲ್ಕು ವಾರ ಅಚ್ಚಾಗೋಗಿದೆ. ಪತ್ರಿಕೆಯೋರಿಗೆ ಏನಂತ ಹೇಳ್ಲಿ? ಆ ಗಂಡಸು ಓಡಿಹೋದ. ಎಲ್ಲಿಗೆ ಹೋದ ಅನ್ನೋದು ನನಗೆ ಗೊತ್ತಿಲ್ಲ. ಬಾಗಿಲಲ್ಲಿ ನಿಂತಿದ್ದೋಳು ಗೊತ್ತಿದ್ದಳು. ಅವಳನ್ನೇ ಹೊರಡಿಸ್ದೆ."

ಹಾಗಾದರೆ ಅವಳು ನಮ್ಮವಳೇ. ಮೈಸೂರಿನ ಒಂದು ಅಡುಗೆಮನೆಯಲ್ಲಿ ಹುಟ್ಟಿ, ಮಂಡ್ಯದ ವಠಾರಕ್ಕೆ ಬಂದವಳು. ಇಪ್ಪತ್ತನೇ ವಾರ ಅವಳು ಗಂಡನನ್ನು ಕೇಳುವುದು ಬಿಟ್ಟದ್ದನ್ನು ನಾನು ಆವತ್ತೇ ಗಮನಿಸಿದ್ದೆ ಎಂದೆ.

ಚಿಕ್ಕತಾಯಮ್ಮ ನನ್ನ ಕಡೆ ಕತ್ತು ತಿರುಗಿಸಿ, ಓರೆಯಾಗಿ, ನನ್ನನ್ನು ಕಾಣಲು ಪ್ರಯತ್ನಪಟ್ಟರು. "ಅದನ್ನ ಕಂಡ್ಯಾ ನೀನು?" ಎಂದರು. ಬಹುವಚನ ಎಲ್ಲೋ ಹೋಗಿತ್ತು. "ನಾನು ಅದನ್ನ ಬರೆದದ್ದು ಹಾಸನದಲ್ಲಿ ಕಣೆ, ಅಕ್ಕನ ಮನೇಲಿ. ಆರು ವರ್ಷದ ಪ್ರಜ್ವಲ್‌ನ ಕಟ್ಕೊಂಡು ನಾನೂ ಮನೆ ಬಿಟ್ಟಿದ್ದೆ. ಅಲ್ಲೊಂದು ವಸತಿ ಶಾಲೇಲಿ ಕೆಲಸ ಕೊಡ್ತೀವಿ ಅಂದಿದ್ರು."

"ಯಜಮಾನರು ಕಷ್ಟ ಕೊಡ್ತಿದ್ರಾ ಅಮ್ಮ?"

"ಛೇ. ಹೊಡೀತಿರ್ಲಿಲ್ಲ, ಕುಡೀತಿರ್ಲಿಲ್ಲ. ನಾನು ಅಂತ ಒಬ್ಬಳು ಮನೇಲಿದೀನಿ ಅನ್ನೋದು ಅವರಿಗೆ ಊಟದ ಹೊತ್ತಿಗೆ ಮಾತ್ರ ನೆನಪಾಗ್ತಿತ್ತು. ಇಪ್ಪತ್ತಾರು ವಾರ ಬರೆದೆ, ಒಂದು ವಾರದ್ದೂ ಅವರು ಓದಲಿಲ್ಲ. ಇಂಥದ್ದನ್ನ ಯಾರ ಹತ್ರ ಹೇಳ್ಕೊಳ್ಳೋದು? ಏನು ದೊಡ್ಡ ಕಷ್ಟ ಅಂತಾರೆ."

ಆಮೇಲೆ ನಡೆದದ್ದನ್ನು ಅವರು ಬೇಗಬೇಗ ಹೇಳಿದರು, ಕಹಿ ಔಷಧಿ ನುಂಗುವವರ ಹಾಗೆ. ಕೃಷ್ಣಮೂರ್ತಿಯವರು ಹಾಸನಕ್ಕೆ ಬಂದು ಗೇಟಿನ ಹತ್ತಿರ ನಿಂತು, ಮಗುವಿನ ಸ್ಕೂಲು ತಪ್ಪುತ್ತಿದೆ ಎಂದರಂತೆ. ಅದೇ ವಾರ ಸಂಪಾದಕರಿಂದ ಒಂದು ಕಾರ್ಡು ಬಂತು. ಹಬ್ಬದ ಸಂಚಿಕೆ, ಶುಭವಾಗಿ ಮುಗಿಸಿಕೊಡಿ. ಇವರು ಎರಡು ದಿನ ಪೆನ್ನು ಹಿಡಿದು ಕೂತರಂತೆ.

"ವಾಪಸ್ ಕಳಿಸ್ಬಿಟ್ಟೆ ಕಣೆ. ಕುದುರೆ ಕಾಲು ನೀರಿಗಿಟ್ಟಿತ್ತು, ತಿರುಗಿಸ್ಬಿಟ್ಟೆ. ಅವಳನ್ನ ಕಳಿಸಿ ನಾನೂ ಬಸ್ ಹತ್ದೆ."

ದೊಮಿಂಗಾ ದಾಟಿರಲಿಲ್ಲ. ದಿಂಬಿಗೆ ಮುಖ ಒತ್ತಿ ಅಳುತ್ತಿದ್ದ ರಾತ್ರಿಗಳಲ್ಲಿ ನಾನು ಕೈ ಹಿಡಿದುಕೊಂಡಿದ್ದವಳು ಅಷ್ಟು ಹೊತ್ತಿಗೆ ಮನೆಗೆ ಹೋಗಿ ಒಲೆ ಹಚ್ಚಿದ್ದಳು. ಅವಮಾನವಾಯಿತು, ಕೋಪ ಬಂತು. ಇಷ್ಟು ವರ್ಷ ಯಾರ ಧೈರ್ಯದ ಮೇಲೆ ನಿಂತಿದ್ದೆ ನಾನು?

"ಅದೇನು ದೊಡ್ಡದಲ್ಲ" ಎಂದು ಅವರು ಮುಂದುವರಿಸಿದರು. "ನನ್ನ ಬದುಕು ಕೆಟ್ಟದೇನಾಗಿರ್ಲಿಲ್ಲ. ಆದ್ರೆ ಹಬ್ಬ ಆಗಿ ಹದಿನೈದು ದಿನಕ್ಕೆ ಒಂದು ಕಾಗದ ಬಂತು. ಯಾರೋ ಒಬ್ಬಳು ಹುಡುಗಿ, ಸಾರ್ ಅಂತ ಬರೆದಿದ್ದಳು ಪಾಪ, ನಾನು ಗಂಡಸು ಅಂದ್ಕೊಂಡು. 'ಸಾರ್, ನಾನೂ ನದಿಯ ಹತ್ತಿರ ಬಂದು ನಿಂತಿದ್ದೆ. ದೊಮಿಂಗಾ ತಿರುಗಿ ಹೋದದ್ದು ಓದಿ ನಾನೂ ಗಂಡನ ಮನೆಗೆ ಹೋಗುತ್ತಿದ್ದೇನೆ. ಅವರು ಹೊಡೆಯುವುದು ನಿಲ್ಲಿಸಬಹುದು.' ಅಷ್ಟೇ. ಹೆಸರಿಲ್ಲ, ವಿಳಾಸ ಇಲ್ಲ. ಕವರಿನ ಮೇಲೆ ಕಡೂರಿನ ಸೀಲು. ನಾನು ಕಡೂರಿಗೆ ಹೋದೆ. ಎಲ್ಲಿ ಅಂತ ಹುಡುಕ್ಲಿ? ಬಸ್‌ಸ್ಟ್ಯಾಂಡಲ್ಲಿ ಒಂದಿಡೀ ದಿನ ಕೂತು, ಬಂದ ಹೆಂಗಸರ ಮುಖ ನೋಡಿ ವಾಪಸ್ ಬಂದೆ. ಆಮೇಲೆ ಬರೀಲಿಲ್ಲ. ಒಂದು ಸಾಲೂ ಬರೀಲಿಲ್ಲ."

ಬೇರೆ ಏನಾದರೂ ಹೇಳೋಣವೆಂದರೆ ನನಗೆ ಇದ್ದದ್ದು ನನ್ನ ಕತೆ ಒಂದೇ. ಐದು ಮನೆ, ಒಂದು ಪತ್ರಿಕೆ, ಕಿಂಡಿ ಬಿದ್ದ ಪುಟ, ಅಪ್ಪನ ಮುಂದೆ ಬೇಡ ಎಂದದ್ದು, ಸುರತ್ಕಲ್, ಎಲ್ಲವನ್ನೂ ಹೇಳಿದೆ. ದೊಮಿಂಗಾ ದಾಟಿದಳು ಎಂದುಕೊಂಡೇ ನಾನು ಹೊರಟದ್ದು ಎಂದೆ.

"ಕೊನೇ ಪುಟ ನಿನಗೆ ಸಿಗಲೇ ಇಲ್ವಾ?"

"ಇಲ್ಲಮ್ಮ. ಕೋಡುಬಳೆಗೆ ಹೋಯ್ತು."

ಅವರು ಬಾಯಿಗೆ ಶಾಲು ಒತ್ತಿಕೊಂಡರು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. ಆಮೇಲೆ ನಿಜವಾಗಿಯೂ ಅತ್ತರು. "ಕೋಡುಬಳೆ ಚೆನ್ನಾಗಿ ಬಂದಿತ್ತೇನೆ?" ಎಂದು ಕೇಳಿದರು.

"ಕಲ್ಲಾಗಿತ್ತು. ಹಲ್ಲು ಹೋಗೋದೊಂದು ಬಾಕಿ."

"ಆ ಮಹಾತಾಯಿ ನೂರು ಕಾಲ ಚೆನ್ನಾಗಿರ್ಲಿ" ಎಂದು ಕಣ್ಣೊರೆಸಿಕೊಂಡು, "ನವ್ಯಾ, ಸೂಟ್‌ಕೇಸಿಂದ ಅದನ್ನ ತಗೊಂಬಾ" ಎಂದರು.

ನವ್ಯಶ್ರೀ ಹಳದಿ ಬಣ್ಣಕ್ಕೆ ತಿರುಗಿದ ಸಂಚಿಕೆಯನ್ನು ತಂದು ನನ್ನ ಕೈಗಿಟ್ಟಳು. ನನಗೆ ಈಗ ಅದು ಬೇಡವಾಗಿತ್ತು. ಬೇಡ ಬಿಡಿ ಅಮ್ಮ, ಗೊತ್ತಾಯ್ತಲ್ಲ ಎಂದೆ.

"ಗೊತ್ತಾಗೋದಲ್ಲ, ಓದು. ಗಟ್ಟಿಯಾಗಿ ಓದು. ಮೂವತ್ತೆಂಟು ವರ್ಷದಿಂದ ನಾನದನ್ನ ತೆಗೆದು ನೋಡಿಲ್ಲ. ಈಗ ನೋಡ್ತೀನಿ ಅಂದ್ರೂ ಕಣ್ಣಿಲ್ಲ. ನಾನೇನು ಮಾಡ್ದೆ ಅಂತ ಒಂದ್ಸಲ ಕಿವಿಯಲ್ಲಾದ್ರೂ ಕೇಳಿಸ್ಕೋಬೇಕು."

ಟೀಚರ್ ದನಿ. ಓದಲು ಶುರುಮಾಡಿದೆ. ನದಿ, ಸಂಜೆ, ಆಚೆ ದಡದ ಜಮೀನ್ದಾರಿಣಿ, ಓಡೋಡಿ ಬಂದ ಸವಾರ. ಎಷ್ಟು ಚೆನ್ನಾಗಿ ಬರೆದಿದ್ದರು! ಅವರು ಕಣ್ಣು ಮುಚ್ಚಿ, ಕುರ್ಚಿಯ ಕೈ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಕೇಳುತ್ತಿದ್ದರು. ಪುಟ ತಿರುಗಿಸಿದೆ. ನನಗೆ ಬಾಯಿಪಾಠವಾಗಿದ್ದ ಕೊನೆಯ ಸಾಲು ಬಂತು. 'ದೊಮಿಂಗಾ ಬೂದು ಕುದುರೆಯನ್ನು ನೀರಿನ ಅಂಚಿಗೆ ತಂದಳು. ಕುದುರೆಯ ಮುಂಗಾಲು ನೀರಿಗಿಳಿಯಿತು.'

ಅಲ್ಲಿಂದ ಕೆಳಗೆ ಹನ್ನೊಂದು ಸಾಲು ಇದ್ದವು. 'ಆಗ ಅವಳಿಗೆ ತನ್ನ ಗುಡಿಸಲಿನ ಹೊಗೆ ನೆನಪಾಯಿತು' ಎಂದು ಶುರು. ಹನ್ನೊಂದನ್ನೂ ಕಣ್ಣಲ್ಲೇ ಓದಿ ಮುಗಿಸಿದೆ. ಅವಳು ತಿರುಗಿದ್ದಳು. ಮುದುಕಿ ಮೈಯೆಲ್ಲ ಬಿಗಿಹಿಡಿದು, ಏಟು ಬೀಳುವುದನ್ನು ಕಾಯುವವರ ಹಾಗೆ ಕೂತಿದ್ದರು. ನನ್ನೊಳಗೆ ಇದ್ದ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ.

"'ಕುದುರೆ ಒಮ್ಮೆ ಹಿಂತಿರುಗಿ ನೋಡಿತು. ದೊಮಿಂಗಾ ನೋಡಲಿಲ್ಲ'" ಎಂದು ಓದಿದೆ.

ಬೆರಳು ನಿಂತಿತು. "ಏನಂದೆ?"

"'ದೊಮಿಂಗಾ ನೋಡಲಿಲ್ಲ.' ಹಾಗೇ ಅಚ್ಚಾಗಿದೆ ಅಮ್ಮ."

ನವ್ಯಶ್ರೀ ಬಾಗಿಲಿಗೆ ಒರಗಿ ನಿಂತಿದ್ದಳು. ಸಂಚಿಕೆ ಕಸಿದುಕೊಂಡು ನನ್ನನ್ನು ಆಚೆಗೆ ಕಳಿಸುತ್ತಾರೆಂದೇ ನನ್ನ ಲೆಕ್ಕ.

"ನೀರು ಎಷ್ಟಿತ್ತು?" ಎಂದರು ಕೊನೆಗೆ.

"ದಡದಲ್ಲಿ ಕುದುರೆ ಹೊಟ್ಟೆ ಮಟ್ಟ. ನಡುವೆ ಆಳ, ಸೆಳೆತ ಜೋರಿತ್ತು."

"ಅಂಥ ನೀರಿಗೆ ಜೀನು ಬಿಗಿದ ಕುದುರೆ ಇಳಿಸಬಾರದು ಕಣೆ, ಮುಳುಗತ್ತೆ. ಮಂಡಿಮೊಹಲ್ಲಾದ ಜಟಕಾ ಸಾಬರು ಹೇಳಿದ್ರು ನನಗೆ, ಅದಕ್ಕೇ ಅಂತ ಹೋಗಿ ಕೇಳ್ಕೊಂಡು ಬಂದಿದ್ದೆ. ಅವಳು ಜೀನು ಬಿಚ್ಚಿ ದಡದಲ್ಲೇ ಬಿಟ್ಟು, ಕುತ್ತಿಗೆ ಕೂದಲು ಹಿಡ್ಕೊಂಡು ಇಳೀತಾಳೆ. ಅದನ್ನ ಯಾಕೆ ಬಿಟ್ಟು ಓದ್ತಿದೀಯ?"

"ಇದೆ ಅಮ್ಮ, ಒಂದು ಸಾಲು ತಪ್ಪಿಹೋಯ್ತು" ಎಂದು ಹೇಳಿ, ಜೀನು ಬಿಚ್ಚಿಸಿದೆ. ಕುತ್ತಿಗೆಯ ಕೂದಲು ಹಿಡಿಸಿದೆ. ನಡುನೀರಿನಲ್ಲಿ ಕುದುರೆಯ ಕಾಲು ನೆಲ ಬಿಟ್ಟದ್ದು, ತಣ್ಣೀರು ಅವಳ ಎದೆಗೆ ಬಂದದ್ದು, ಕಂಬಳಿ ತೇಲಿಹೋದದ್ದು, ಎಲ್ಲವನ್ನೂ ಒಂದೊಂದೇ ಸಾಲಾಗಿ ಓದಿದೆ. ಮೂವತ್ತೆಂಟು ವರ್ಷದಲ್ಲಿ ಎಷ್ಟು ಸಲ ನೋಡಿದ್ದೆನೋ, ಎಲ್ಲೂ ತಡವರಿಸಲಿಲ್ಲ. ಕುದುರೆ ಆಚೆ ದಡ ಹತ್ತಿ ಮೈ ಕೊಡವಿತು. ಮುಗಿಯಿತು ಎಂದು ಪತ್ರಿಕೆ ಮಡಿಚಲು ಹೋದೆ.

"ಆಚೆ ದಡದಲ್ಲಿ ಯಾರಿದ್ರು?" ಎಂದರು ಚಿಕ್ಕತಾಯಮ್ಮ.

ನಾನು ಯೋಚಿಸಿರಲಿಲ್ಲ. ನನ್ನ ಕತೆಯಲ್ಲಿ ದೊಮಿಂಗಾ ಯಾವಾಗಲೂ ಒಬ್ಬಳೇ ದಡ ಹತ್ತುತ್ತಿದ್ದಳು. ಯಾರೂ ಇಲ್ಲಮ್ಮ ಎಂದೆ.

"ಇದ್ದಳು, ಸರಿಯಾಗಿ ನೋಡು. ಒಬ್ಬಳು ಹುಡುಗಿ. ಕಡೂರಿನ ಕಡೆಯೋಳು. ಇವಳಿಗಿಂತ ಮುಂಚೇನೇ ದಾಟಿ, ಸೀರೆ ಹಿಂಡ್ಕೊಂಡು ನಿಂತಿದ್ದಾಳೆ." ಅವರ ದನಿ ಒಡೆಯಿತು. "ಓದೇ, ಅದನ್ನೂ ಓದು."

ಓದಿದೆ.